ಒಣಗದ ಜಗಲಿ

ಊಟ ಆಯ್ತಲ್ಲ ಎಲ್ಲರದ್ದೂ? ಆಗದವರು ಈಗಲೇ ಎದ್ದು ಹೋಗಿ ಉಂಡು ಬನ್ನಿ. ಆಮೇಲೆ ಅನ್ನ ಇಳಿಯಲಿಲ್ಲ ಅಂತ ನನ್ನ ಮೇಲೆ ಹಾರಬೇಡಿ. ಇದು ಬಿಳಿ ಸೀರೆ ಉಟ್ಟು ಸುಣ್ಣ ಕೇಳುವ ಮೋಹಿನಿಯ ಕತೆ ಅಲ್ಲ. ಇದು ಗಲೀಜಿನ ಕತೆ. ನಮ್ಮ ಬೆಳಂಬಾರದ ಹೊನ್ನಿಗೆ ಆದದ್ದು. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಬೇಲಿ, ಅಷ್ಟೇ.

ಉಪ್ಪಿನ ಸತ್ಯಾಗ್ರಹ ಮುಗಿದು ಎರಡೋ ಮೂರೋ ವರ್ಷ ಆಗಿತ್ತು. ಹೊನ್ನಿಗೆ ಆಗ ಮೂರು ತಿಂಗಳ ಗಂಡು ಕೂಸು, ಪುಟ್ಟು. ಅದಕ್ಕೂ ಮೊದಲು ಒಂದು ಹುಟ್ಟಿತ್ತು… ಉಸಿರಿಲ್ಲದೆ ಹುಟ್ಟಿತ್ತು. ಗಂಡ ಜಟ್ಟು ಅದನ್ನು ಅಡಿಕೆ ಹಾಳೆಯಲ್ಲಿ ಸುತ್ತಿ ಒಯ್ದು, ಗೋಳಿಮರದ ಆಚೆ ಹುಗಿದು ಬಂದಿದ್ದ. ಹೊನ್ನಿ ಅದರ ಮೋರೆ ಸಹ ನೋಡಿರಲಿಲ್ಲ. ಹಾಗಾಗಿ ಪುಟ್ಟು ಅಂದರೆ ಅವಳಿಗೆ ಜೀವ. ಅವನು ಒಂದು ಸೀನು ಸೀನಿದರೂ ಗದ್ದೆಯಿಂದ ಓಡಿ ಬರುವವಳು.

ಆ ದಿನ ಹರಿವೆ ಸೊಪ್ಪು, ಮೊಗೆಕಾಯಿ ಹೊತ್ತುಕೊಂಡು ಅಂಕೋಲೆ ಪೇಟೆಗೆ ಹೋಗಿದ್ದಳು. ಕೂಸಿಗೆ ನೆಗಡಿ ಅಂತ ಅತ್ತೆ ಬೀರಿಯ ಹತ್ತಿರ ಬಿಟ್ಟು ಹೋದದ್ದು. ಮಧ್ಯಾಹ್ನದ ಒಳಗೆ ಬರ್ತೆ ಅಂದವಳಿಗೆ, ಸೊಪ್ಪು ಖರ್ಚಾಗುವಾಗ ಹೊತ್ತು ಇಳಿದೇ ಹೋಗಿತ್ತು. ಎದೆ ಎರಡೂ ಕಲ್ಲಾಗಿತ್ತು. ಹಾಲು ಕಟ್ಟಿದ ಬಾಣಂತಿಯ ನೋವು ಎಂಥದ್ದು ಅಂತ ಇಲ್ಲಿ ಕೂತ ಗಂಡಸರಿಗೆ ಹೇಳಿ ಪ್ರಯೋಜನ ಇಲ್ಲ. ಹೆಜ್ಜೆ ಇಟ್ಟಾಗೆಲ್ಲ ಕುತ್ತಿಗೆಯ ಮಣಿಸರ ಚರಕ್ ಚರಕ್ ಅಂತ ಎದೆಗೆ ತಾಗುತ್ತಿತ್ತು. ತಾಗಿದಾಗೆಲ್ಲ ಹಲ್ಲು ಕಚ್ಚುತ್ತಿದ್ದಳು. ಮನೆಗೆ ಇನ್ನೂ ಒಂದು ಮೈಲಿ. ಕೂಸು ಹಸಿದು ಕೂಗ್ತಾ ಇರಬಹುದು… ಅದೊಂದೇ ತಲೆಯಲ್ಲಿ.

ಗೋಳಿಮರದ ಬಾವಿ ಹತ್ತಿರ ಬಂದಾಗ ತಡೆಯಲಿಕ್ಕೇ ಆಗಲಿಲ್ಲ. ಸ್ವಲ್ಪ ಹಿಂಡಿ ಹಗುರ ಮಾಡಿಕೊಂಡರೆ ಉಳಿದ ದಾರಿ ಓಡಬಹುದು ಅನ್ನಿಸಿತು. ಬಾಣಂತಿ ಹಾಲನ್ನು ನೆಲಕ್ಕೆ ಹಿಂಡಬಾರದು, ಹರಿಯುವ ನೀರಿಗೇ ಬಿಡಬೇಕು ಅಂತ ಬೀರಿ ಮುದುಕಿ ಹೇಳಿ ಹೇಳಿ ಅವಳ ಕಿವಿ ತೂತು ಮಾಡಿದ್ದಳು. ಬಾವಿಯ ಹಿಂದೆ, ಗೋಳಿಯ ಬೀಳಲಿನ ಬುಡದಲ್ಲಿ, ಕೊಡ ತುಳುಕಿದ ನೀರು ಹೋಗುವ ಒಂದು ಸಣ್ಣ ಗಟಾರ ಇತ್ತು. ಮಬ್ಬಿನಲ್ಲಿ ನೀರು ಮಿಣಮಿಣ ಅಂತಿತ್ತು. ಇಷ್ಟು ಸಾಕು ಅಂದುಕೊಂಡು ಬುಟ್ಟಿ ಇಳಿಸಿ ಕುಕ್ಕರುಗಾಲಲ್ಲಿ ಕೂತಳು.

ಆ ನೀರು ಹರಿಯುತ್ತಿರಲಿಲ್ಲ. ಅಲ್ಲೇ ತಪ್ಪಿದ್ದು ಅವಳು.

ಚುಂಯ್… ಚುಂಯ್… ಹಾಲು ಹೋಯಿತು. ನೀರಿಗೆ ಬಿದ್ದ ಸಪ್ಪಳ ಇಲ್ಲ. ಮಣ್ಣಿಗೆ ಬಿದ್ದ ಸಪ್ಪಳವೂ ಇಲ್ಲ. ಬದಲಿಗೆ… ಚಪ್. ಚಪ್. ಚಪ್. ಬಾಯಿ ಚಪ್ಪರಿಸುವ ಸಪ್ಪಳ. ಒಂದಲ್ಲ, ಎಷ್ಟೋ ಬಾಯಿ.

ನಾಯಿಮರಿಗಳು ಇರಬೇಕು ಅಂದುಕೊಂಡಳು, ಪಾಪ.

"ತಂಗೀ…"

ಬೀಳಲುಗಳ ನಡುವಿನಿಂದ ಹೆಂಗಸಿನ ದನಿ. ಪಿಸುಪಿಸು.

"ಹೊರಗೆ ಕೂತು ಹಿಂಡ್ತ್ಯಾ? ಯಾರಾದ್ರೂ ಕಂಡ್ರೆ ಎಂತ ಅಂದ್ಕೊಳ್ತ್ರು? ಒಳಗೆ ಬಾ."

"ಯಾರ ಮನೆ ಇದು?"

"ಬಾ ಅಂದ್ನಲ್ಲೇ."

ಆ ಮರದ ಹಿಂದೆ ಮನೆ ಇಲ್ಲ ಅಂತ ಊರಿಗೇ ಗೊತ್ತು. ಹೊನ್ನಿಗೂ ಗೊತ್ತು. ಆದರೂ ಹೋದಳು. ಆ ನೋವಿನಲ್ಲಿ ಬುದ್ಧಿ ಎಲ್ಲಿ ಓಡ್ತದೆ?

ಎರಡು ಬೀಳಲು ಸರಿಸಿ ಕಾಲಿಟ್ಟದ್ದೇ… ಪಚಕ್. ಪಾದ ಹುಗಿಯಿತು. ಬೆಚ್ಚಗೆ, ಲೋಳೆ ಲೋಳೆ.

ಅದು ಒಂದು ಜಗಲಿ. ಕಣ್ಣು ಹೋದಷ್ಟು ದೂರ ಜಗಲಿಯೇ. ಮೇಲೆ ಸೂರಿಲ್ಲ, ಆಕಾಶವೂ ಇಲ್ಲ. ದೀಪ ಹಚ್ಚುವ ಹೊತ್ತಿನ ಬೂದಿ ಬಣ್ಣದ ಬೆಳಕು. ಎರಡೂ ಬದಿಗೆ ಬಾಗಿಲು, ಬಾಗಿಲು, ಬಾಗಿಲು. ಒಂದರ ಸಂದಿಯಿಂದ ಹೆರುವವಳ ನರಳಾಟ ಕೇಳುತ್ತಿತ್ತು. ಇನ್ನೊಂದರಿಂದ ಚಿತೆಯ ಕಟ್ಟಿಗೆ ಚಟಚಟ ಅನ್ನುತ್ತಿತ್ತು. ಮತ್ತೊಂದು ಅರ್ಧ ತೆರೆದಿತ್ತು. ಅದರ ಆಚೆ ಸಮುದ್ರ… ತೆರೆ ಎದ್ದದ್ದು ಎದ್ದ ಹಾಗೇ ನಿಂತಿತ್ತು. ಇಳಿಯಲೇ ಇಲ್ಲ.

ಮತ್ತೆ ಆ ವಾಸನೆ! ಅಯ್ಯಯ್ಯಪ್ಪ. ಬೈತಖೋಲ ಬಂದರದಲ್ಲಿ ಮೀನು ಖರ್ಚಾಗದೆ ಮೂರು ದಿನ ರಾಶಿ ಬಿದ್ದಾಗ ಸಹ ಹಾಗೆ ನಾರುವುದಿಲ್ಲ. ಹುಳಿ ಬಂದ ಹಾಲು, ಹೆರಿಗೆಯ ನೀರು, ವಾಂತಿ, ಕೀವು, ಎಲ್ಲ ಒಟ್ಟಿಗೆ. ಉಸಿರು ಎಳೆದರೆ ನಾಲಿಗೆಗೇ ಅಂಟುತ್ತಿತ್ತು. ಗಾಳಿಯಲ್ಲಿ ನೊಣಗಳು ಹಾರದೆ ಸುಮ್ಮನೆ ನಿಂತಿದ್ದವು. ಹೊನ್ನಿ ಮುಖ ತಿರುಗಿಸಿದರೆ ಕೆನ್ನೆಗೆ ತಾಗುತ್ತಿದ್ದವು.

ಗೋಡೆಗೆ ಒರಗಿ ಒಬ್ಬಳು ಕೂತಿದ್ದಳು. ಕರೆದವಳು ಅವಳೇ. ವಯಸ್ಸು ಹೇಳಲಿಕ್ಕೆ ಬರುವಂತಿಲ್ಲ. ಎಲೆ ಅಡಿಕೆ ಜಗಿಯುತ್ತಿದ್ದಳು. ಗದ್ದದಿಂದ ಕೆಂಪು ಜೊಲ್ಲು ಒಂದು ಗೇಣು ಉದ್ದ ನೇತಾಡುತ್ತಿತ್ತು… ತುಂಡಾಗಿ ಬೀಳುವುದಿಲ್ಲ, ಅವಳು ಒರೆಸುವುದೂ ಇಲ್ಲ. ಎದೆಯಿಂದ ಹಾಲು ಸೋರಿ ಮಡಿಲಲ್ಲಿ ಮಡು ಕಟ್ಟಿತ್ತು.

"ಕಾಲು ಒರೆಸ್ಬೇಡ," ಅಂದಳು. "ಇಲ್ಲಿ ಬಿದ್ದದ್ದು ಒಣಗುದಿಲ್ಲ. ಇಲ್ಲಿ ಹೊತ್ತು ಹೋಗುದಿಲ್ಲ."

"ಎಂಥ ಜಾಗ ಇದು?"

"ನಡುವಿನದು. ಹುಟ್ಟುವವರು ಆ ಬಾಗಿಲಲ್ಲಿ ಹೋಗ್ತ್ರು. ಸತ್ತವರು ಈ ಬಾಗಿಲಲ್ಲಿ ಬರ್ತ್ರು. ದೇವರಾದ್ರೂ ದೆವ್ವ ಆದ್ರೂ, ಒಂದು ಲೋಕದಿಂದ ಇನ್ನೊಂದಕ್ಕೆ ಹೋಗ್ಬೇಕಾದ್ರೆ ಇದೇ ಜಗಲಿ ತುಳೀಬೇಕು."

"ಅಕ್ಕಾ… ನೀ ಯಾರು?"

"ಹೆರುವಾಗ ಸತ್ತವಳು. ನನ್ ಕೂಸು ಬದುಕ್ತು, ಆಚೆ ಹೋಯ್ತು. ಹಾಲು ಮಾತ್ರ ನನ್ ಹತ್ರ ಉಳೀತು." ಜಗಿಯುವುದನ್ನು ಬಿಡದೆ ನೆಲಕ್ಕೆ ಕಣ್ಣು ತೋರಿಸಿದಳು. "ಕೆಳಗೆ ಕಾಣು."

ಹೊನ್ನಿ ಕೆಸರು ಅಂದುಕೊಂಡದ್ದು ಅಲುಗಿತು.

ಕೂಸುಗಳು. ಹುಟ್ಟಿಯೂ ಬದುಕದವು. ರೆಪ್ಪೆ ಬಿಡಿಸಿಲ್ಲ, ಉಗುರು ಮೂಡಿಲ್ಲ. ನೆನೆಹಾಕಿ ಮರೆತ ಅವಲಕ್ಕಿಯ ಹಾಗೆ ಬೆಳ್ಳಗೆ, ಮೆತ್ತಗೆ. ಬಾಯಿ ಮಾತ್ರ ತೆರೆದೇ ಇತ್ತು. ಒಂದರ ಮೇಲೊಂದು ತೆವಳಿ, ಇವಳ ಹಾಲು ಬಿದ್ದ ಜಾಗ ನೆಕ್ಕುತ್ತಿದ್ದವು. ಚಪ್. ಚಪ್.

"ಸತ್ತವಳ ಹಾಲು ಇವಕ್ಕೆ ಇಳಿಯುದಿಲ್ಲ. ಬದುಕಿದವಳದೇ ಆಗ್ಬೇಕು," ಅಂದಳು ಅವಳು. "ಒಂದಕ್ಕೆ ಕುಡ್ಸೇ ತಂಗಿ. ಒಂದೇ ಒಂದಕ್ಕೆ. ನಿನ್ನದೂ ಇದ್ರಲ್ಲೇ ಇದೆ."

ಹೊನ್ನಿ ಕೇಳಿದಳು, "ಯಾವುದು?"

"ಹೆತ್ತವಳು ನೀನು. ನನ್ನ ಕೇಳ್ತ್ಯಾ?"

ಹೊನ್ನಿ ನೋಡಿದಳು. ಎಲ್ಲ ಒಂದೇ ನಮೂನೆ. ಎಷ್ಟು ನೋಡಿದರೂ ಒಂದೇ ನಮೂನೆ. ಅಷ್ಟರಲ್ಲಿ ಒಂದು ತೆವಳಿ ಬಂದು ಅವಳ ಕಾಲು ಹಿಡಿಯಿತು. ಹಲ್ಲಿಲ್ಲದ ಒಸಡು ಮೀನಖಂಡಕ್ಕೆ ಒತ್ತಿ ಚೀಪಲಿಕ್ಕೆ ಹಿಡಿಯಿತು. ತಣ್ಣಗೆ. ಅದರ ನೆತ್ತಿಗೆ ಏನೋ ಅಂಟಿತ್ತು. ಬಗ್ಗಿ ನೋಡಿದಳು… ಅಡಿಕೆ ಹಾಳೆಯ ಒಂದು ನಾರು.

ಎತ್ತಿಕೊಳ್ಳಬೇಕು ಅಂತಲೇ ಕೈ ಹಾಕಿದಳು. ಅದು ನಿಜ, ಅವಳೇ ಆಣೆ ಇಟ್ಟು ಹೇಳಿದ್ದಾಳೆ. ಆದರೆ ಬೆರಳು ಅದರ ಬೆನ್ನೊಳಗೇ ಇಳಿದುಬಿಟ್ಟಿತು. ಹಳಸಿದ ಗಂಜಿಗೆ ಕೈ ಹಾಕಿದ ಹಾಗೆ. ಉಗುರಿನ ಸಂದಿಯಲ್ಲಿ ಬೆಳ್ಳಗೆ ಮೆತ್ತಿಕೊಂಡಿತು.

"ಶೀ!"

ಕಾಲು ಜಾಡಿಸಿದಳು. ಅದು ಹೋಗಿ ನೆಲಕ್ಕೆ ಬಿತ್ತು. ಪಚ್.

ಎಲ್ಲ ಬಾಯಿಗಳೂ ಒಮ್ಮೆಲೇ ಮುಚ್ಚಿದವು. ಜಗಿಯುವುದೂ ನಿಂತಿತು.

"ಹೇಸಿಗೆ ಆಯ್ತಾ?" ಅಂದಳು ಆ ಹೆಂಗಸು. ಸಿಟ್ಟಿಲ್ಲ, ಏನಿಲ್ಲ. "ಇರ್ಲಿ ಬಿಡು. ಎಲ್ಲರಿಗೂ ಆಗ್ತದೆ. ನಂಗೆ ಆಗುದಿಲ್ಲ."

ಎದ್ದು ನಿಂತಳು. ಮಡಿಲಿನ ಹಾಲು ಗಳಗಳ ಚೆಲ್ಲಿತು. ಸಾಲಿನಲ್ಲಿದ್ದ ಒಂದು ಬಾಗಿಲು ದೂಡಿ, ತಲೆ ಬಗ್ಗಿಸಿ, ಆಚೆ ಹೋದಳು.

ಹೊನ್ನಿ ಬೀಳಲು ಹರಿದುಕೊಂಡು ಹೊರಗೆ ಬಿದ್ದಳು. ಬಾವಿಕಟ್ಟೆ ಹಿಡಿದು ಕಾರಿದಳು. ಬರೀ ನೀರು ಬರುವ ತನಕ ಕಾರಿದಳು. ಮೇಲೆ ನೋಡಿದರೆ ಅದೇ ಮಬ್ಬು. ಹೊತ್ತು ಒಂದು ಕೂದಲೆಳೆ ಸಹ ಸರಿದಿರಲಿಲ್ಲ. ಬುಟ್ಟಿ ಅಲ್ಲೇ ಬಿಟ್ಟು ಓಡಿದಳು. ಹೆತ್ತ ಕೂಸನ್ನು ಒದ್ದು ಬಂದೆ ಅಂತ ಅಳು ಬರುತ್ತಿತ್ತು, ಕೈಗೆ ಮೆತ್ತಿದ್ದು ನೆನಪಾದರೆ ಮತ್ತೆ ವಾಂತಿ ಬರುತ್ತಿತ್ತು. ಪುಟ್ಟು ಒಬ್ಬ ಇದ್ದಾನಲ್ಲ, ಪುಟ್ಟುವನ್ನು ಎತ್ತಿಕೊಂಡರೆ ಎಲ್ಲ ಸರಿ ಹೋಗ್ತದೆ… ಹಾಗೆ ಅಂದುಕೊಳ್ಳುತ್ತ ಓಡಿದಳು.

ಮನೆ ಮುಟ್ಟುವಾಗ ಬೀರಿ ತುಳಸಿಗೆ ದೀಪ ಇಡುತ್ತಿದ್ದಳು.

"ಅತ್ತೆ, ಕೂಸು? ಕೂಗ್ತಾ?"

"ಕೂಗುದು ಎಂತಕ್ಕೆ?" ಬೀರಿ ಮೋರೆ ಊದಿಸಿಕೊಂಡಳು. "ಈಗಷ್ಟೇ ಬಂದು ಕುಡ್ಸಿ ಹೋದ್ಯಲ್ಲೇ! ಹಿಂಬಾಗಿಲಲ್ಲಿ ಬಂದೆ, ಕತ್ತಲಲ್ಲೇ ಕೂತು ಕುಡ್ಸಿದೆ, ಎದ್ದು ಹೋದೆ. ಮಾತಿಲ್ಲ ಕತೆಯಿಲ್ಲ. ಪೇಟೆಗೆ ಹೋಗಿ ಬಂದದ್ದಕ್ಕೇ ಇಷ್ಟು ಸೆಡವಾ ನಿಂಗೆ?"

ಹೊನ್ನಿ ಒಳಗೆ ನುಗ್ಗಿದಳು. ಪುಟ್ಟುವಿನ ಹೊಟ್ಟೆ ಬಿಗಿದುಕೊಂಡಿತ್ತು. ಬಾಯಿಯ ಮೂಲೆಯಲ್ಲಿ ಹಾಲು. ಅದನ್ನು ಬೆರಳಲ್ಲಿ ತೆಗೆದು ಮೂಸಿ ನೋಡಿದಳು… ಎಂಥ ವಾಸನೆ ಅಂತ ಯಾರಿಗೂ ಹೇಳಿಲ್ಲ ಅವಳು. ಕೂಸನ್ನು ತಲೆ ಕೆಳಗೆ ಮಾಡಿ ಬೆನ್ನಿಗೆ ಬಡಿದಳು. ಗಂಟಲಿಗೆ ಬೆರಳು ಹಾಕಿದಳು. ಒಂದು ಹನಿ ಕಾರಲಿಲ್ಲ. "ಹುಚ್ಚು ಹಿಡೀತನೇ ನಿಂಗೆ!" ಅಂತ ಬೀರಿ ಕಿತ್ತುಕೊಳ್ಳಬೇಕಾಯಿತು.

ರಾತ್ರಿ ಎದೆಗೆ ಹಾಕಿಕೊಂಡಳು. ಪುಟ್ಟು ಅವಳನ್ನೇ ನೋಡಿದ. ಮೂಗು ಸುಕ್ಕಿಸಿದ. ಮೋರೆ ತಿರುಗಿಸಿದ.

ಮತ್ತೆ ಅವಳ ಹಾಲು ಮುಟ್ಟಲಿಲ್ಲ. ಎಂಟು ದಿನದಲ್ಲಿ ಅವಳ ಎದೆ ಬತ್ತಿಹೋಯಿತು. ಆಡಿನ ಹಾಲು ಕೊಟ್ಟರೆ ಉಗಿದ. ಗಂಜಿ ತಿಳಿ ಕೊಟ್ಟರೆ ಉಗಿದ. ಆರು ತಿಂಗಳು ಆ ಮನೆಯವರು ಕೊಟ್ಟದ್ದು ಒಂದು ಹನಿಯೂ ಅವನ ಹೊಟ್ಟೆಗೆ ಇಳಿಯಲಿಲ್ಲ. ಆದರೂ ದಿನಾ ಬೆಳಿಗ್ಗೆ ಅವನ ಬಾಯಿಯ ಮೂಲೆಯಲ್ಲಿ ಹಾಲು ಇರುತ್ತಿತ್ತು. ಹೊನ್ನಿ ಸೊರಗಿ ಕಡ್ಡಿಯಾದಳು.

ಅವನು ಬೆಳೆದ. ಅದನ್ನು ನೋಡಲಿಕ್ಕೇ ಒಂದು ನಮೂನೆ ಆಗುತ್ತಿತ್ತು, ಹಾಗೆ ಮೈ ತುಂಬಿಕೊಂಡ. ತೊಟ್ಟಿಲ ಹಗ್ಗ ಎರಡು ಸಲ ಹರಿಯಿತು. ಸುಳ್ಳು ಅಂತೀರಾ? ಮೂರನೇ ಹಗ್ಗ ಹೊಸೆದು ಕೊಟ್ಟದ್ದು ನನ್ನ ಗಂಡ. ಮೂರು ಎಳೆ ಸಾಲುದಿಲ್ಲ, ಐದು ಎಳೆ ಹಾಕು ಅಂತ ಜಟ್ಟು ನಮ್ಮ ಅಂಗಳಕ್ಕೇ ಬಂದು ಹೇಳಿ ಹೋಗಿದ್ದ.