ಮಟ್ಟಗೋಲು ಕೇಳುವುದು ಹೇಗೆ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಹಾಲಿನ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಗಾರೆ ಕೆಲಸದವನು, ಅವನ ಮುಂದೆ ನಮ್ಮ ಇಳಿಜಾರಿನ ಕೆಳಗಿನ ಹೊಲದ ಅಕ್ಕ. ಇಬ್ಬರೂ ಹಿಂದೆ ತಿರುಗಿ ನೋಡಲಿಲ್ಲ.

"ಮಳೆಗೆ ಮುಂಚೆ ಮಿಕ್ಕ ಬದು ಹಾಕ್ಬೇಕಲ್ಲಪ್ಪ. ಇಲ್ಲಾಂದ್ರೆ ಗುಡ್ಡದ ಮಣ್ಣೆಲ್ಲ ಹಳ್ಳದ ಪಾಲು."

"ಮಟ್ಟಗೋಲು ಇಲ್ದೆ ಮಟ್ಟ ನೋಡಿ ಬದುವಿಗೆ ಗೆರೆ ಎಳೆಯೋದು ಹೆಂಗಕ್ಕ? ನನ್ನದು ಅವರ ಮನೇಲೇ ಉಳೀತು."

"ಹೋಗಿ ಕೇಳು."

"ಸಾವಿನ ಮನೇಲಿ ಯಾವ ಮುಖ ಇಟ್ಕೊಂಡು ಕೇಳ್ಲಿ?"

"ಅದೂ ಸರಿ. ಅವನಾದ್ರೆ ಬಯ್ದು ಬಯ್ದು ಎಲ್ಲರನ್ನೂ ಗುಡ್ಡ ಹತ್ತಿಸ್ತಿದ್ದ. ಇನ್ಯಾರು ಬರ್ತಾರೆ?"

"ನೀನಂತೂ ಬಯ್ಸಿಕೊಳ್ಳೋಕೇ ಬರ್ತಿದ್ದೆ."

"ಹೂಂ ಕಣೋ. ನನ್ನ ಬಯ್ಯೋರು ಬೇರೆ ಯಾರಿದಾರೆ?"

"ಅವರ ಹೆಂಡ್ತಿ, ಆ ಹುಡುಗಿ, ಓದಿದೋಳು. ಊರು ಬಿಟ್ಟು ಹೋಗ್ತಾಳೇನೋ."

"ಹೋಗ್ಲಿ ಪಾಪ. ಇಲ್ಲಿ ಅವಳಿಗಾದ್ರೂ ಯಾರಿದಾರೆ?"

ಹಾಲು ತೆಗೆದುಕೊಂಡು ಅವರು ಆ ಕಡೆಯಿಂದಲೇ ಹೊರಟುಹೋದರು.

ಸಂಜೆ ಆ ಎರಡು ಕಾಲಿನ ಮರದ ಮಟ್ಟಗೋಲನ್ನು ಗಾರೆಯವನ ಮನೆಗೆ ಒಯ್ದೆ. ಅದರ ಕಾಲಿಗೆ ಮೆತ್ತಿದ್ದ ಗುಡ್ಡದ ಮಣ್ಣನ್ನು ಒರೆಸಲು ಮನಸ್ಸಾಗಿರಲಿಲ್ಲ. ಅವನು ತಲೆ ತಗ್ಗಿಸಿ ಎರಡೂ ಕೈಯಲ್ಲಿ ತೆಗೆದುಕೊಂಡ.

"ಅಣ್ಣ, ಗುಡ್ಡಕ್ಕೆ ಯಾವತ್ತು ಹೋಗೋದು?" ಎಂದೆ.