ಗಾಜಿನ ಬೀರುವಿನ ಚಮಚ

ವೇಲ್ಸ್ ಅಂತ ಒಂದು ನಾಡಿದೆ. ಆ ನಾಡಿನ ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ, ಸ್ಲೇಟು ಮಾಡೋ ಪಾಟಿಕಲ್ಲಿನ ಗಣಿಯ ಧಣಿ. ನಾಡಿನ ಮೇಲೆ ಅವನಿಗೆ ಎಷ್ಟು ಅಭಿಮಾನ ಅಂತೀರಿ! ಮನೆಯ ನೆತ್ತಿಯ ಮೇಲೆ ನಾಡಿನ ಕೆಂಪು ಡ್ರ್ಯಾಗನ್ನಿನ ಬಾವುಟ. ಬಾಗಿಲ ಎರಡೂ ಕಡೆ ಹಳದಿ ಡ್ಯಾಫೊಡಿಲ್ ಹೂವು. ಪಡಸಾಲೆಯಲ್ಲಿ ಆಳೆತ್ತರದ ಹಾರ್ಪ್ ವಾದ್ಯ; ನುಡಿಸೋರು ಯಾರೂ ಇಲ್ಲ, ಧೂಳು ಒರೆಸೋಕೆ ಮಾತ್ರ ಒಬ್ಬಳಿದ್ದಳು. ಮಾರ್ಚ್ ಒಂದನೇ ತಾರೀಕು ಅವರ ಸಂತ ಡೇವಿಡ್ಡನ ಹಬ್ಬ. ಅವತ್ತು ಎಲ್ಲರೂ ಎದೆಯ ಮೇಲೆ ಲೀಕ್ ಸಿಕ್ಕಿಸಿಕೊಳ್ಳಬೇಕು. ಲೀಕ್ ಅಂದರೆ ನಮ್ಮ ಈರುಳ್ಳಿ ಸೊಪ್ಪಿನಂಥದ್ದು, ಬಡವರ ಸಾರಿಗೆ ಬೀಳೋದು. ಆ ಸಂತ ಅದನ್ನೇ ತಿಂದು, ಬರೀ ನೀರು ಕುಡಿದು ಬದುಕಿದ ಅಂತ ಅಲ್ಲಿಯವರು ಹೇಳುತ್ತಾರೆ. ಧಣಿಯ ಎದೆಯ ಮೇಲಿನ ಲೀಕು ಮಾತ್ರ ಬೆಳ್ಳಿಯದು! ಬೆಳ್ಳಿಯನ್ನು ಸಾರಿಗೆ ಹಾಕೋಕಾಗುತ್ತಾ, ನೀವೇ ಹೇಳಿ.

ಇನ್ನೊಂದಿದೆ ನೋಡಿ. ಆ ನಾಡಿನ ಹುಡುಗ ಒಬ್ಬಳನ್ನು ಮೆಚ್ಚಿದರೆ ಕೈಯಾರೆ ಒಂದು ಮರದ ಚಮಚ ಕೆತ್ತಿ ಕೊಡುತ್ತಾನೆ. ಹಿಡಿಯಲ್ಲಿ ಹೃದಯ, ಸರಪಳಿ, ಎಲ್ಲಾ ಒಂದೇ ಮರದ ತುಂಡಿನಲ್ಲಿ. ಅವಳು ತೆಗೆದುಕೊಂಡರೆ ಒಪ್ಪಿದಳು ಅಂತ. ಧಣಿಯ ಗಣಿಯಲ್ಲಿ ಕಲ್ಲು ಸೀಳುತ್ತಿದ್ದ ಒಬ್ಬ ಕೂಲಿಯವನೂ ತಾನು ಮೆಚ್ಚಿದವಳಿಗೆ ಅಂತ ಒಂದು ಕೆತ್ತಿದ್ದ. ಮೂರು ಕೊಂಡಿಯ ಸರಪಳಿ. ಮೂರನೇದು ಕೆತ್ತುವಾಗ ಚಾಕು ಜಾರಿ ಸೊಟ್ಟಗಾಗಿತ್ತು. ಕೊಡೋಕೆ ನಾಚಿಕೊಂಡ.

"ಸೊಟ್ಟಗಿದ್ದರೇನು, ಬಿಟ್ಟುಹೋಗಲ್ಲ ತಾನೇ?" ಅಂತ ಅವಳು ನಕ್ಕು ಇಸಿದುಕೊಂಡಳು. ಮದುವೆಯಾದ ಮೇಲೆ ಅವರಿಬ್ಬರ ಮನೆಯಲ್ಲಿ ಚೆಂದದ್ದು ಅಂತ ಇದ್ದದ್ದು ಅದೊಂದೇ.

ಒಂದು ವರ್ಷ ಹಬ್ಬಕ್ಕೆ ಮುಂಚೆ ಧಣಿಯೇ ಅವರ ಬಾಗಿಲಿಗೆ ಬಂದ. "ಒಂದೇ ದಿನಕ್ಕೆ ಕೊಡಮ್ಮ. ನಮ್ಮ ಜನರ ಪ್ರೀತಿ ಎಂಥದ್ದು ಅಂತ ನಾಲ್ಕು ಜನ ನೋಡಲಿ." ಧಣಿ ಮನೆಗೇ ಬಂದು ಕೇಳಿದರೆ ಇಲ್ಲ ಅನ್ನೋಕಾಗುತ್ತಾ? ಕೊಟ್ಟಳು. ಹಬ್ಬ ಮುಗಿಯಿತು. ಕೇಳಹೋದರೆ, "ನಿಮ್ಮ ಹೊಗೆ ಮನೆಯಲ್ಲಿ ಹಾಳಾಗುತ್ತೆ. ಇಲ್ಲೇ ಜೋಪಾನವಾಗಿರಲಿ." ಗಾಜಿನ ಬೀರು, ಅದಕ್ಕೊಂದು ಬೀಗ, ಚಮಚದ ಕೆಳಗೊಂದು ಚೀಟಿ: ನಮ್ಮ ನಾಡಿನ ಒಲವು.

ಗಣಿಯ ಕಲ್ಲುಪುಡಿ ಗಂಡನ ಎದೆಯೊಳಗೆ ಕೂತಿತ್ತು. ಮೂರು ವರ್ಷದ ಮೇಲೆ ಸರಿಯಾಗಿ ಹಬ್ಬದ ದಿನ ಬೆಳಿಗ್ಗೆ ಉಸಿರು ಹಿಡಿಯಿತು.

"ಆ ಸೊಟ್ಟ ಚಮಚದಲ್ಲಿ ಒಂದು ಗುಟುಕು ನೀರು ಕುಡಿಸೇ."

"ಈಗ್ಯಾಕ್ರೀ ಅದು? ಲೋಟದಲ್ಲೇ ಕುಡೀರಿ."

"ಲೋಟ ನಾನು ಮಾಡಿದ್ದಲ್ಲವಲ್ಲೇ."

ಪಕ್ಕದ ಮನೆಯವಳನ್ನು ಅವನ ಹತ್ತಿರ ಕೂರಿಸಿ ಓಡಿದಳು. ಧಣಿಯ ಮನೆ ತುಂಬ ಅತಿಥಿಗಳು, ಎಲ್ಲರ ಎದೆಯ ಮೇಲೂ ಲೀಕು. ಬಾಗಿಲಲ್ಲೊಬ್ಬ ಕಿಚಾಯಿಸಿದ: "ಏನಮ್ಮ, ಒಂದು ಲೀಕೂ ಸಿಕ್ಕಿಸಿಕೊಂಡಿಲ್ಲ? ನಾಡಿನ ಮೇಲೆ ಅಭಿಮಾನ ಇಲ್ವಾ?"

"ನಮ್ಮನೇದು ನಿನ್ನೆ ಸಾರಿಗೆ ಹೋಯ್ತಪ್ಪ" ಅಂದವಳೇ ಒಳಗೆ ನುಗ್ಗಿದಳು. "ಧಣೀ, ಒಂದು ಗಳಿಗೆ ಕೊಡಿ. ಅವರ ಬಾಯಿಗೆ ನೀರು ಬಿಟ್ಟು ತಂದುಕೊಡ್ತೀನಿ."

ಧಣಿ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು! ಮೆಲ್ಲಗೆ ಹೇಳಿದ: "ನೀರು ತಾಗಿದರೆ ಮರ ಬಿರಿಯುತ್ತಮ್ಮ. ಇದು ಈಗ ನಿನ್ನೊಬ್ಬಳದಲ್ಲ, ನಾಡಿನದು."

"ನಾಡಿಗೆ ಕೆತ್ತಿದ್ದಲ್ಲ ಧಣಿ. ನನಗೆ ಕೆತ್ತಿದ್ದು."

ಎಂಥ ಚೆಂದದ ಮಾತು ಅಂತ ಅತಿಥಿಯೊಬ್ಬ ಬರೆದುಕೊಂಡ. "ಭಾಷಣ ಮುಗೀಲಿ, ನೋಡೋಣ" ಅಂದ ಧಣಿ. ನಿಂತಳು. ಭಾಷಣ ಯಾರ ಮೇಲೆ? ಲೀಕು ತಿಂದು ಬದುಕಿದ ಸಂತನ ಮೇಲೆ! ಭಾಷಣ ಆಯಿತು, ಹಾಡು ಆಯಿತು, ಎಲ್ಲರೂ ಊಟಕ್ಕೆ ಎದ್ದರು. ಅಷ್ಟರಲ್ಲಿ ಪಕ್ಕದ ಮನೆಯವಳು ಬಂದು ಬಾಗಿಲಲ್ಲಿ ನಿಂತಳು. ಕಾದು ಕಾದು, ಲೋಟದ ನೀರನ್ನೂ ಮುಟ್ಟದೆ, ಅವನು ಹೋಗಿಬಿಟ್ಟಿದ್ದ.

ಮರುದಿನ ಧಣಿ ಬೀರುವಿನ ಬೀಗ ತೆಗೆಸಿದ. ಕೊಡೋಕಲ್ಲ ಸ್ವಾಮಿ, ಚೀಟಿ ಬದಲಾಯಿಸೋಕೆ! ‘ಕೆತ್ತಿದವನು ಈಗಿಲ್ಲ. ಅವನ ಹೆಂಡತಿ ಪ್ರೀತಿಯಿಂದ ಕೊಟ್ಟದ್ದು.’

ಥೂ ಅಂತೀರಿ ಅಲ್ಲವಾ? ತಡೀರಿ, ಉಗುಳಬೇಡಿ. ನಿಮ್ಮ ಮೇಲೇ ಬಿದ್ದೀತು.

ನಮ್ಮ ಸಭೆಯ ನೂರನೇ ವರ್ಷದ ಹಬ್ಬಕ್ಕೆ ಈ ಚರ್ಚಿನ ಬಾಗಿಲಲ್ಲಿ ಏನಿಟ್ಟಿರಿ? ಮಗ್ಗದ ಲಾಳಿ. ನಮ್ಮ ಹಿರಿಯರು ನೇಕಾರರು ಅಂತ ಅದಕ್ಕೆ ಹೂವು ಹಾಕಿದಿರಿ, ಪಕ್ಕ ನಿಂತು ಫೋಟೋ ತೆಗೆಸಿದಿರಿ. ಯಾರ ಲಾಳಿ ಅದು? ಇನ್ನೂ ಮಗ್ಗದಲ್ಲೇ ಹೊಟ್ಟೆ ಹೊರೆಯೋ ನಮ್ಮ ಕರುಣವ್ವನದು. ಇವತ್ತಿಗೂ ವಾಪಸು ಕೊಟ್ಟಿಲ್ಲ. ಅವತ್ತು ಆಕೆ ಎಲ್ಲಿ ಕೂತಿದ್ದಳು? ಚಪ್ಪಲಿ ಬಿಡೋ ಜಾಗದಲ್ಲಿ. ಊಟಕ್ಕೆ ಎಲೆ ಹಾಕಿದಾಗ ಯಾರು ಕರೆದಿರಿ? ಯಾರೂ ಇಲ್ಲ. ನವೆಂಬರ್ ಬಂದರೆ ಹೆಗಲ ಮೇಲೆ ಹಳದಿ ಕೆಂಪು ಶಾಲು. ಆ ಶಾಲು ನೇಯೋ ಕೈಗೆ ಒಂದು ನಮಸ್ಕಾರ ಇಲ್ಲ!

ನಾಳೆ ಬೆಳಿಗ್ಗೆ ಲಾಳಿ ತಗೊಂಡು ಆಕೆಯ ಮನೆಗೆ ನಡೀರಿ. ಹಾರ ಬೇಡ, ಫೋಟೋದವನು ಬೇಡ. ಬಾಗಿಲಲ್ಲೇ ಕೊಟ್ಟು ಓಡಿಬರಬೇಡಿ. ಒಳಗೆ ನೆಲದ ಮೇಲೆ ಕೂತು, "ತಪ್ಪಾಯ್ತವ್ವ" ಅನ್ನಿ. ಇನ್ನು ಮೇಲೆ ಯಾವ ಹಬ್ಬ ಬರಲಿ, ಆಕೆಯಂಥವರು ಮೊದಲ ಪಂಕ್ತಿಯಲ್ಲಿ ಉಣ್ಣಬೇಕು, ನೀವು ನಿಂತು ಬಡಿಸಬೇಕು. ಅವರು ಕೈ ತೊಳೆದು ಎದ್ದ ಮೇಲೆ ನಿಮ್ಮ ಬಾವುಟ ಏರಿಸಿ.