ಕೋಲ್ಡ್ ರೂಮಿನ ಹಳೇ ಪಟ್ಟಿ

ನಗೋರು ಈಗಲೇ ನಕ್ಕುಬಿಡಿ. ಆಮೇಲೆ ಯಾರೂ ಮಧ್ಯ ಬಾಯಿ ಹಾಕಂಗಿಲ್ಲ. ಇದು ನಮ್ಮ ಚಿಕ್ಕಮ್ಮನ ಮಗ ಹೃಷಿಕೇಶಂಗೆ ಮೊನ್ನೆ ಬಿತ್ತನೆ ಹೊತ್ತಲ್ಲಿ ಆದದ್ದು...

ಕಡೂರಲ್ಲಿ ಅವನದು ಕಂಪ್ಯೂಟರ್ ಕೆಲಸ. ಅಜ್ಜಂಪುರದ ಷಣ್ಮುಖಪ್ಪನೋರ ಬೀಜದ ಕೋಲ್ಡ್ ಸ್ಟೋರೇಜಿಗೆ ಕ್ಲೌಡ್ ಬ್ಯಾಕಪ್ ಹಾಕೋಕೆ ಹೋಗಿದ್ದ. ಅಂದ್ರೆ, ಇಲ್ಲಿನ ಸರ್ವರ್ ಸುಟ್ಟು ಬೂದಿಯಾದ್ರೂ ಅದರೊಳಗಿನ ಎಲ್ಲದರ ಪ್ರತಿ ದೂರದಲ್ಲೆಲ್ಲೋ ಭದ್ರವಾಗಿರುತ್ತೆ, ವಾಪಸ್ ಇಳಿಸಿಕೋಬಹುದು. ಆ ಪುಣ್ಯಾತ್ಮ ಷಣ್ಮುಖಪ್ಪನೋರು, ಎ.ಸಿ. ಯಾಕೆ ದಂಡ ಅಂತ ಸರ್ವರನ್ನ ಕೋಲ್ಡ್ ರೂಮಿನೊಳಗೇ ಇಡಿಸಿದ್ರು. ನಾಲ್ಕು ಡಿಗ್ರಿ ಚಳಿ. ಬಾಗಿಲಿಗೆ ಒಳಗೂ ಹೊರಗೂ ಬೆರಳು ಒತ್ತಿ ತೆಗೆಯೋ ಬೀಗ. ಬೀಜ ಕದ್ದುಬಿಡ್ತಾರಂತೆ.

ಶನಿವಾರ ರಾತ್ರಿ ಕೆಲಸ ಮುಗಿಸಿ ಬಸ್ ಸ್ಟ್ಯಾಂಡಿಗೆ ನಡೀತಿದ್ದ. ಹಳೇ ಬಾವಿ ದಾಟುವಾಗ ಕಾಲು ನಿಂತೋಯ್ತು. ಪ್ರತಿ ಏನೋ ಮೇಲೆ ಹೋಗಿದೆ... ವಾಪಸ್ ಇಳಿಯುತ್ತಾ ಅಂತ ನೋಡಿಲ್ವಲ್ಲ? ಸೋಮವಾರದಿಂದ ರೈತರಿಗೆ ಬೀಜ ಕೊಡೋದು ಶುರು, ಆಮೇಲೆ ಸರ್ವರ್ ಮುಟ್ಟಂಗಿಲ್ಲ. ಹೆಂಡ್ತಿ ಮಾನ್ಯಾಗೆ ಫೋನ್ ಮಾಡಿ, ಇಲ್ಲೇ ಉಳ್ಕೊಂಡು ಸೋಮವಾರ ಬತ್ತೀನಿ ಅಂದ. ಅಲ್ಲಿಗೆ ಅವನನ್ನ ಹುಡುಕೋರು ಯಾರೂ ಇಲ್ಲದಂಗಾಯ್ತು.

ಗೇಟಿನ ಬೀಗದಕೈ ಇವನತ್ರಾನೇ ಇತ್ತು. ಕಾವಲಿಗೆ ಈಗ ಮನುಷ್ಯರಿಲ್ಲ, ಕ್ಯಾಮೆರಾ ಅಷ್ಟೇ. ವಾಪಸ್ ಬಂದು ಬೆರಳು ಒತ್ತಿ ಕೋಲ್ಡ್ ರೂಮಿನೊಳಗೆ ಹೋದ. ಬಾಗಿಲು ಹಿಂದೆ ದಬ್ ಅಂತು. ಸರ್ವರಲ್ಲಿ ಮೊದಲಿಂದ ಬಿದ್ದಿದ್ದ ಹಳೇ ಪ್ರತಿಗಳನ್ನೂ ಅವನು ಮೇಲೆ ಹಾಕಿದ್ದ; ಅದರಲ್ಲಿ ಎಲ್ಲಕ್ಕಿಂತ ಹಳೇದು, ಹೋದ ವರ್ಷದ್ದು, ಅದನ್ನೇ ಇಳಿಸಿದ. ಹಳೇದೇ ಸರಿಯಿದ್ರೆ ಹೊಸದಕ್ಕೇನು ದಾಡಿ ಅಂತ. ಎಲ್ಲಾ ಚೆನ್ನಾಗಿ ಬಂತು. ಖುಷಿಯಾಗಿ ಎದ್ದು ಬೆರಳು ಒತ್ತಿದ.

ಟುಂಯ್ ಟುಂಯ್... ಕೆಂಪು ದೀಪ.

ಒರೆಸಿ ಒತ್ತಿದ. ಕೆಂಪು.

ಆಗ ಹೊಳೀತು ನೋಡಿ. ಬಾಗಿಲು ತೆಗೆಯೋರ ಪಟ್ಟಿ ಇರೋದೂ ಅದೇ ಸರ್ವರಲ್ಲಿ. ಇವನ ಬೆರಳು ಸೇರಿದ್ದು ಇವತ್ತು ಬೆಳಗ್ಗೆ. ಈಗ ಬಾಗಿಲಿಗೆ ಗೊತ್ತಿರೋದು ಹೋದ ವರ್ಷದವರು ಮಾತ್ರ! ತನ್ನ ಹೆಸರನ್ನ ತಾನೇ ಅಳಿಸಿಕೊಂಡು ಒಳಗೆ ಕೂತಿದ್ದ, ಬುದ್ಧಿವಂತ.

ಇವತ್ತಿನ ಪ್ರತಿ ಮತ್ತೆ ಇಳಿಸೋಣ ಅಂತ ಕೂತರೆ ಇಂಟರ್ನೆಟ್ ಹೋಗಿತ್ತು. ಆ ದಪ್ಪ ಗೋಡೆಯೊಳಗೆ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಇಲ್ಲ. ಬಾಗಿಲು ಬಡಿದ, ಕೂಗಿದ, ಮೊಣಕೈ ಕಿತ್ತುಹೋಯ್ತು. ನಾಳೆ ಭಾನುವಾರ, ರಜ. ಮೈಮೇಲೆ ಅರ್ಧ ತೋಳಿನ ಅಂಗಿ. ಖಾಲಿ ಚೀಲಗಳನ್ನ ಹೊದ್ದು ಮೂಲೇಲಿ ಮುದುರಿಕೊಂಡ. ಹಲ್ಲು ಕಟಕಟ ಅಂತಿತ್ತು, ಆಮೇಲೆ ಅದೂ ನಿಂತಿತು. ಸತ್ತೆ ಅಂತ ಅನ್ನಿಸಿ ಅತ್ತುಬಿಟ್ಟನಂತೆ, ನನ್ನ ಹತ್ರ ಮುಚ್ಚುಮರೆ ಇಲ್ಲದೆ ಹೇಳಿದ.

ಎಷ್ಟು ಹೊತ್ತೋ... ಗುಂ ಅಂತಿದ್ದ ಫ್ಯಾನು ನಿಂತಿತು.

ಹೊರಗೆ, ಸರ್ರ್... ಸರ್ರ್... ಚಪ್ಪಲಿ ಎಳೆದು ನಡೆಯೋ ಸದ್ದು. ಬಾಗಿಲ ಹತ್ರ ಬಂತು. ಒಂದು ಒಣಕೆಮ್ಮು. ಪೀಂ. ಖಟಕ್.

ಬಾಗಿಲು ಒಂದು ಗೇಣು ತೆರೀತು. ಹೊರಗೆ ಕತ್ತಲೆ.

"ಯಾರಪ್ಪಾ ಒಳಗೆ?" ಪಿಸುದನಿ.

"ನಾನಣ್ಣ... ಕಂಪ್ಯೂಟರ್ನೋನು."

"ನೀ ಮನೆಗೆ ಹೋಗು. ನಾನಿರ್ತೀನಿ."

ಹೃಷಿಕೇಶ ಆ ಸಂದಿನಲ್ಲೇ ತೂರಿಕೊಂಡು ಓಡಿದ. ಪಕ್ಕದಲ್ಲಿ ಕಂಬಳಿ ವಾಸನೆ ಬಂತಂತೆ, ಮನುಷ್ಯ ಕಾಣಲಿಲ್ಲ. ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಸೋಮವಾರ ಷಣ್ಮುಖಪ್ಪನೋರು ಇವನ ಕತೆ ಕೇಳಿ, ಕ್ಯಾಮೆರಾದಲ್ಲಿ ಕತ್ತಲೆ ಬಿಟ್ರೆ ಏನೂ ಕಾಣದೆ, ಯಾರು ಬಂದು ತೆಗೆದ್ರು ನೋಡೋಣ ಅಂತ ಬಾಗಿಲಿನ ದಾಖಲೆ ಪ್ರಿಂಟ್ ತೆಗೆಸಿದ್ರು. ರಾತ್ರಿ ಒಂದು ನಲವತ್ತು. ಏಳನೇ ನಂಬರು. ನಂಜುಂಡಪ್ಪ, ವಾಚ್‌ಮನ್.

ಷಣ್ಮುಖಪ್ಪನೋರು ಆ ಸಾಲನ್ನ ಮತ್ತೆ ಮತ್ತೆ ಓದಿದ್ರು. ಈ ಸಂಕ್ರಾಂತಿಗೆ ನಂಜುಂಡಪ್ಪ ತೀರಿಕೊಂಡಾಗ ಗುಂಡಿಗೆ ಮಣ್ಣು ಹಾಕಿ ಬಂದಿದ್ದು ಅವರೇ.

ಸುಳ್ಳು ಹೇಳಿ ನನಗೇನಾಗಬೇಕು ಕಣ್ರೀ? ಆ ಕಾಗದ ಕಣ್ಣಾರೆ ನೋಡಿದ್ದೀನಿ. ನಿನ್ನೆ ಮತ್ತೆ ಹೋಗಿ ಕಂಪ್ಯೂಟರಲ್ಲೂ ನೋಡಿದೆ. ಏಳನೇ ನಂಬರು ಒಳಗೆ ಬಂದದ್ದು ಇದೆ. ಹೊರಗೆ ಹೋದದ್ದು ಇನ್ನೂ ಬಿದ್ದಿಲ್ಲ.